ಜಾವಾ, ಯೆಜ್ಡಿ 250: ಬ್ಲಾಕ್ ಬಿಚ್ಚಿ ಕಟ್ಟುವುದು

ಯೆಜ್ಡಿ ಬೈಕಿನ ಬ್ಲಾಕ್ (ಪಿಸ್ಟನ್ ಆಡುವ ಸಿಲಿಂಡರ್) ಬಿಚ್ಚಿದ ಕೂಡಲೇ ಗ್ಯಾರೇಜಿನಲ್ಲಿ ಕೇಳಿಬರುವ ಮೊದಲ ಮಾತು "ಬೋರ್ ಮಾಡಿಸಿಬಿಡೋಣ ಸಾರ್". ಅಂದರೆ ಸಿಲಿಂಡರಿನ ಒಳಗೋಡೆಯನ್ನು ಕೊರೆದು ಅಗಲಿಸಿ, ಇನ್ನೂ ದಪ್ಪನೆಯ ಪಿಸ್ಟನ್ ಕೂರಿಸುವುದು. ಅಲ್ಲೇ ಹೂಂ ಅಂದುಬಿಡಬೇಡಿ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಬಂದ ಎರಕದ ಕಬ್ಬಿಣದ ಬ್ಲಾಕುಗಳು ಈಗ ಎಷ್ಟು ಉಳಿದಿವೆಯೋ ಅಷ್ಟೇ. ಪಿಸ್ಟನ್ ಓವರ್‌ಸೈಜುಗಳು 0.25 ಮಿ.ಮೀ. ಮೆಟ್ಟಿಲಲ್ಲಿ ಬರುತ್ತವೆ: ಸ್ಟ್ಯಾಂಡರ್ಡ್ ಆದ ಮೇಲೆ ಪಾಯಿಂಟ್ 25, ಪಾಯಿಂಟ್ 50, ಪಾಯಿಂಟ್ 75, ಆಮೇಲೆ ಒಂದು. ಅಂದರೆ 1 ಮಿ.ಮೀ. ಮುಟ್ಟುವ ಹೊತ್ತಿಗೆ ನಾಲ್ಕು ಸಲ ಬೋರ್ ಆಯಿತು. ಕಾರಣ ಹುಡುಕದೆ ಬೋರ್ ಮಾಡಿಸಿದ ಗಾಡಿ ಅದೇ ಕಾರಣಕ್ಕೆ ಮತ್ತೆ ಸೀಜ್ ಆಗುತ್ತದೆ (ಪಿಸ್ಟನ್ ಸಿಲಿಂಡರಿನೊಳಗೆ ಬಿಗಿದು ನಿಲ್ಲುತ್ತದೆ), ಇನ್ನೊಂದು ಮೆಟ್ಟಿಲು ಹೋಗುತ್ತದೆ. ಹಾಗಾಗಿ ಮೊದಲು ಅಳತೆ, ಬೋರ್ ಕಟ್ಟಕಡೆಗೆ.

ಇಲ್ಲಿ ಹೇಳುತ್ತಿರುವುದು ಒಂಟಿ ಸಿಲಿಂಡರಿನ 250ರ ಬಗ್ಗೆ. 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, ಟೂ ಸ್ಟ್ರೋಕ್, ಪಿಸ್ಟನ್ ಒಂದೇ ಆದರೂ ಸೈಲೆನ್ಸರ್ ಎರಡು. 350 ಟ್ವಿನ್ನಿನ ಲೆಕ್ಕವೇ ಬೇರೆ. 2018ರಿಂದ ಬರುತ್ತಿರುವ ಹೊಸ ಜಾವಾ ಫೋರ್ ಸ್ಟ್ರೋಕ್ ಗಾಡಿ, ಅದರ ಒಂದು ಸಾಮಾನೂ ಇದಕ್ಕೆ ಕೂರುವುದಿಲ್ಲ.

ಬಿಚ್ಚುವ ಮೊದಲು

ಗಾಡಿ ಇನ್ನೂ ಸ್ಟಾರ್ಟ್ ಆಗುತ್ತಿದ್ದರೆ ಎಂಜಿನ್ ಬಿಸಿ ಮಾಡಿ ಪ್ಲಗ್ ತೆಗೆದು ಕಂಪ್ರೆಶನ್ ಗೇಜ್ ಹಾಕಿ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿಟ್ಟು ಐದಾರು ಕಿಕ್ ಹೊಡೆಯಿರಿ. ಚೆನ್ನಾಗಿರುವ ಎಂಜಿನ್ನಿನಲ್ಲಿ ಮುಳ್ಳು 110 ಪಿಎಸ್‌ಐ ಆಸುಪಾಸು ನಿಲ್ಲಬೇಕು. 80ರ ಕೆಳಗಿದ್ದರೆ ರಿಂಗೋ ಬೋರೋ ಹೆಡ್ ಪ್ಯಾಕಿಂಗೋ (ಗ್ಯಾಸ್ಕೆಟ್) ಏನೋ ಒಂದು ಸೋತಿದೆ. ಕಾಲು ಚಮಚ ಟೂಟಿ ಆಯಿಲ್ (ಪೆಟ್ರೋಲಿಗೆ ಕಲಸುವ ಟೂ ಸ್ಟ್ರೋಕ್ ಆಯಿಲ್) ಪ್ಲಗ್ ತೂತಿನಿಂದ ಹಾಕಿ ಮತ್ತೆ ಕಿಕ್ ಹೊಡೆದಾಗ ಮುಳ್ಳು ಎದ್ದು ಮೇಲಕ್ಕೆ ಹೋದರೆ ರಿಂಗ್ ಅಥವಾ ಬೋರು. ಅಲ್ಲಾಡದಿದ್ದರೆ ಹೆಡ್ ಕಡೆ ನೋಡಿ.

ಇನ್ನೊಂದು ಸಂಗತಿ ಹೊಗೆ. ಬಿಳಿ ಹೊಗೆ ದಟ್ಟವಾಗಿ ಬರುತ್ತಿದ್ದು, ಗೇರ್‌ಬಾಕ್ಸ್ ಆಯಿಲ್ ತಿಂಗಳು ತಿಂಗಳೂ ಕಡಿಮೆಯಾಗುತ್ತಿದ್ದರೆ ತಪ್ಪು ಬ್ಲಾಕಿನದ್ದಲ್ಲ. ಎಡಗಡೆ, ಕ್ಲಚ್ ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ. ಎಂಜಿನ್ ಗೇರ್‌ಬಾಕ್ಸಿನ ಆಯಿಲನ್ನು ಎಳೆದುಕೊಂಡು ಸುಡುತ್ತಿದೆ. ಬಲಗಡೆ, ಡೈನಮೋ ಕಡೆಯ ಸೀಲ್ ಹೋದರೆ ಹೊಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಇದು ಇನ್ನೂ ಕೆಟ್ಟದ್ದು. ಮಿಶ್ರಣ ತೆಳುವಾಗಿ ಪಿಸ್ಟನ್ ಕಾಯುತ್ತದೆ, ಹೊಸ ಬೋರ್ ಹಾಕಿದ ವಾರದಲ್ಲೇ ಜಾಮ್. ಸೀಲ್ ಹೋಗಿದ್ದರೆ ಎಂಜಿನ್ ಇಳಿಸಲೇಬೇಕು, ಬರೀ ಬ್ಲಾಕ್ ಕೆಲಸ ಮಾಡಿದರೆ ದುಡ್ಡು ನೀರಿಗೆ.

ಬೇಕಾಗುವ ಸಾಮಾನು: ರಿಂಗ್ ಸ್ಪ್ಯಾನರ್ ಮತ್ತು ಬಾಕ್ಸ್ ಸೆಟ್, ಬೆಂಡ್ ಪೈಪಿನ ರಿಂಗ್ ನಟ್‌ಗೆ ಸಿ-ಸ್ಪ್ಯಾನರ್, ಫೀಲರ್ ಗೇಜ್, 50ರಿಂದ 75 ಮಿ.ಮೀ. ಅಳೆಯುವ ಮೈಕ್ರೋಮೀಟರ್, ಬೋರ್ ಗೇಜ್, ಟಾರ್ಕ್ ರೆಂಚ್. ಬೋರ್ ಗೇಜ್ ಮನೆಯಲ್ಲಿ ಯಾರ ಹತ್ತಿರವೂ ಇರುವುದಿಲ್ಲ. ಬೋರಿಂಗ್ ಮಾಡುವ ಲೇತ್ ಅಂಗಡಿಯಲ್ಲಿ ಕಣ್ಣೆದುರೇ ಅಳೆಸಿ, ಅಂಕಿಗಳನ್ನು ಬರೆದುಕೊಂಡು ಬನ್ನಿ. ವರ್ನಿಯರ್ ಈ ಕೆಲಸಕ್ಕೆ ಸಾಲದು. ನಾವು ಹುಡುಕುತ್ತಿರುವ ಅಂತರ 0.05 ಮಿ.ಮೀ., ವರ್ನಿಯರಿನಲ್ಲಿ ಕೈ ನಡುಕವೇ ಅಷ್ಟಿರುತ್ತದೆ. ಹೊಸದಾಗಿ ಕೊಳ್ಳಬೇಕಾದ್ದು ಪ್ಯಾಕಿಂಗ್ ಸೆಟ್, ಎರಡು ಗಜನ್ ಪಿನ್ ಲಾಕ್ (ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಪಿನ್ ಹೊರಬರದಂತೆ ತಡೆಯುವ ಕ್ಲಿಪ್), ಪ್ಲಗ್. ಪಿಸ್ಟನ್ನು, ರಿಂಗನ್ನು ಈಗಲೇ ಕೊಳ್ಳಬೇಡಿ, ಸೈಜ್ ಗೊತ್ತಾಗುವುದು ಅಳೆದ ಮೇಲೆ.

ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಿರಲಿ. ಟ್ಯಾಂಕ್ ಇಳಿಸಿದರೆ ಕೈಯಾಡಲು ಜಾಗ ಸಿಗುತ್ತದೆ. ಕಾರ್ಬ್ಯುರೇಟರ್ ಬಿಚ್ಚಿ ಬದಿಗಿಡಿ.

ಬೆಂಡ್ ಪೈಪಿನ ರಿಂಗ್ ನಟ್ ಹತ್ತಿರ ನಿಧಾನಿಸಿ. ಮೂವತ್ತು ನಲವತ್ತು ವರ್ಷದ ಮಸಿ ಅದರ ಥ್ರೆಡ್ಡಿನಲ್ಲಿ ಕಲ್ಲಾಗಿರುತ್ತದೆ. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದರೆ ನಟ್ಟಿನ ರೆಕ್ಕೆ ಮುರಿಯುತ್ತದೆ, ಬ್ಲಾಕಿನ ಥ್ರೆಡ್ಡೂ ಹೋಗಬಹುದು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿಡಿ. ಬೆಳಿಗ್ಗೆ ಸಿ-ಸ್ಪ್ಯಾನರ್ ಹಾಕಿ. ಬಗ್ಗದಿದ್ದರೆ ನಟ್ಟಿಗೆ ಮಾತ್ರ ಬ್ಲೋ ಲ್ಯಾಂಪಿನ ಬಿಸಿ ಕೊಟ್ಟು ಮತ್ತೆ ನೋಡಿ. ಬಿಸಿ ಕೊಡುವ ಮೊದಲು ಟ್ಯಾಂಕ್, ಕಾರ್ಬ್ಯುರೇಟರ್ ಎರಡೂ ಗಾಡಿಯಿಂದ ದೂರ ಹೋಗಿರಬೇಕು, ಎಣ್ಣೆ ಒರೆಸಿರಬೇಕು.

ಹೆಡ್ಡಿನ ನಟ್‌ಗಳನ್ನು ಒಂದೇ ಸಲಕ್ಕೆ ಪೂರ್ತಿ ಬಿಚ್ಚಬೇಡಿ. ಅಡ್ಡಡ್ಡವಾಗಿ ಕಾಲು ಸುತ್ತು, ಮತ್ತೆ ಕಾಲು ಸುತ್ತು ಸಡಿಲಿಸುತ್ತ ಬನ್ನಿ. ಇಲ್ಲದಿದ್ದರೆ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುತ್ತದೆ. ಹೆಡ್ ಅಂಟಿಕೊಂಡಿದ್ದರೆ ರೆಕ್ಕೆಗಳ ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ. ನಟ್ ಸಡಿಲಿಸಿಟ್ಟು, ಪ್ಲಗ್ ಬಿಗಿದು, ಒಂದು ಕಿಕ್ ಮೆಲ್ಲಗೆ ಒತ್ತಿ. ಕಂಪ್ರೆಶನ್ನೇ ಅದನ್ನು ಎಬ್ಬಿಸುತ್ತದೆ.

ಬ್ಲಾಕ್ ಎತ್ತುವಾಗ ಪಿಸ್ಟನ್ ಕೆಳಗಿರಲಿ. ಎರಡು ಅಂಗುಲ ಎತ್ತಿದ ಕೂಡಲೇ ನಿಲ್ಲಿಸಿ ಕ್ರ್ಯಾಂಕ್‌ಕೇಸಿನ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿ, ಆಮೇಲೆ ಪೂರ್ತಿ ಎತ್ತಿ. ಮುರಿದ ರಿಂಗಿನ ಚೂರು, ಪ್ಯಾಕಿಂಗಿನ ತುಣುಕು, ಚಿಮ್ಮಿಹೋದ ಲಾಕ್ ಎಲ್ಲವೂ ಬೀಳುವುದು ಅದೇ ಬಾಯಿಗೆ. ಕಾಟನ್ ವೇಸ್ಟ್ ಬೇಡ, ಅದರ ನೂಲೇ ಒಳಗಿಳಿಯುತ್ತದೆ.

ಪಿಸ್ಟನ್ ಹೊರಗೆ ತೆಗೆಯುವ ಮುನ್ನ ಅದರ ತಲೆಯ ಮೇಲೆ ಮುಂದಿನ ದಿಕ್ಕು ಗೀರಿಡಿ. ಲಾಕ್ ತೆಗೆದು, ಬಟ್ಟೆಯನ್ನು ಕುದಿನೀರಿನಲ್ಲಿ ಅದ್ದಿ ಪಿಸ್ಟನ್ನಿಗೆ ಸುತ್ತಿ ಎರಡು ನಿಮಿಷ ಬಿಡಿ. ಪಿನ್ ಕೈಯಲ್ಲೇ ಜಾರಿ ಬರಬೇಕು. ಬಾರದಿದ್ದರೆ ಪಿನ್ ಎಳೆಯುವ ಬೋಲ್ಟ್ ಹಾಕಿ. ಸುತ್ತಿಗೆಯಲ್ಲಿ ಬಡಿದ ಏಟು ಪಿನ್ನಿಗಲ್ಲ, ಕನೆಕ್ಟಿಂಗ್ ರಾಡಿಗೆ ಬೀಳುತ್ತದೆ; ರಾಡ್ ಒಂದಿಷ್ಟು ಬಗ್ಗಿದರೂ ಹೊಸ ಪಿಸ್ಟನ್ ಒಂದೇ ಬದಿಗೆ ತೇಯುತ್ತದೆ.

ರಾಡ್ ಕೈಗೆ ಸಿಕ್ಕಿದಾಗಲೇ ನೋಡಿಬಿಡಿ. ಕ್ರ್ಯಾಂಕನ್ನು ಮೇಲಕ್ಕೆ ತಂದು ರಾಡ್ ಹಿಡಿದು ನೇರ ಮೇಲೆ ಕೆಳಗೆ ಅಲ್ಲಾಡಿಸಿ. ಪಕ್ಕಕ್ಕೆ ಸ್ವಲ್ಪ ಆಡಿದರೆ ಸಹಜ. ಮೇಲೆ ಕೆಳಗೆ ಟಿಕ್ ಅನ್ನಬಾರದು. ಟಿಕ್ ಅಂದರೆ ಬಿಗ್ ಎಂಡ್ (ರಾಡಿನ ಕೆಳತುದಿಯ ಬೇರಿಂಗ್) ಹೋಗಿದೆ. ಚಿಕ್ಕ ತುದಿಯಲ್ಲಿ ಕಂಚಿನ ಬುಶ್ ಇದ್ದರೆ ಹೊಸ ಪಿನ್ನಿಗೆ ಎಣ್ಣೆ ಹಚ್ಚಿ ತೂರಿಸಿ ನೋಡಿ, ಕುಲುಕಿದರೆ ಬುಶ್ ಬದಲಿಸಿ ರೀಮ್ ಮಾಡಿಸಬೇಕು. ಸೂಜಿ ರೋಲರ್ ಇದ್ದರೆ ಪಿನ್ನಿನೊಂದಿಗೇ ಬದಲಿಸಿ.

ತೊಳೆಯುವ ಮೊದಲು ಪಿಸ್ಟನ್ ಓದಿ

ಪೆಟ್ರೋಲ್ ಡಬ್ಬಿಯಲ್ಲಿ ಅದ್ದಿದ ಮರುಕ್ಷಣ ಎಲ್ಲ ಸಾಕ್ಷಿಯೂ ಅಳಿಸಿಹೋಗುತ್ತದೆ. ಮೊದಲು ಬೆಳಕಿಗೆ ಹಿಡಿದು ತಿರುಗಿಸಿ.

ರಿಂಗಿನ ಕೆಳಗೆ, ಸ್ಕರ್ಟಿನ (ಪಿಸ್ಟನ್ನಿನ ಕೆಳಭಾಗದ) ಸುತ್ತ ಕಂದು ಬಣ್ಣ ಹಬ್ಬಿದ್ದರೆ ಬೆಂಕಿ ರಿಂಗ್ ದಾಟಿ ಕೆಳಗಿಳಿಯುತ್ತಿತ್ತು ಅಂತ. ಇದು ಬರೀ ಸವೆತ, ಗಾಬರಿ ಬೇಡ.

ಸೈಲೆನ್ಸರ್ ಕಡೆ ಮಾತ್ರ ಗೀರು ಬಿದ್ದು ಅಲ್ಯೂಮಿನಿಯಂ ಮೆತ್ತಿಕೊಂಡಿದ್ದರೆ ಪಿಸ್ಟನ್ ಅತಿಯಾಗಿ ಕಾದಿದೆ: ಜೆಟ್ ಕಟ್ಟಿಕೊಂಡಿದೆ, ಎಲ್ಲೋ ಗಾಳಿ ಎಳೆಯುತ್ತಿದೆ, ಅಥವಾ ಟೈಮಿಂಗ್ (ಪ್ಲಗ್ ಕಿಡಿ ಹಾರುವ ಹೊತ್ತು) ಮುಂದಾಗಿದೆ. ಕಾರ್ಬ್ಯುರೇಟರ್ ಕಡೆ ಗೀರಿದ್ದರೆ ಅನುಮಾನ ಆಯಿಲ್ ಮೇಲೆ. ಪೆಟ್ರೋಲಿಗೆ ಆಯಿಲ್ ಸಾಲದೆ ಹೋಗಿದೆ, ಇಲ್ಲವೇ ಕಲಸದೆ ತಳದಲ್ಲೇ ಉಳಿದಿದೆ. ಪಿನ್ನಿನ ಎರಡೂ ಬದಿಗೆ, ನಾಲ್ಕು ಮೂಲೆಯಲ್ಲಿ ಸಮನಾಗಿ ಗೀರಿದ್ದರೆ ಬೋರನ್ನು ಬಿಗಿಯಾಗಿ ಹೊಡೆದಿದ್ದಾರೆ, ಅಥವಾ ತಣ್ಣನೆಯ ಎಂಜಿನ್ನಿಗೆ ಸ್ಟಾರ್ಟ್ ಆದ ಕೂಡಲೇ ಕಿವಿ ಹಿಂಡಿದ್ದಾರೆ. ಪಿಸ್ಟನ್ ಹಿಗ್ಗಿದ ವೇಗಕ್ಕೆ ಬ್ಲಾಕ್ ಹಿಗ್ಗಿಲ್ಲ. ತಲೆಯ ನಡುವೆ ತೂತು ಬಿದ್ದಿದ್ದರೆ ಪ್ಲಗ್ಗಿನ ಹೀಟ್ ರೇಂಜ್ ಮತ್ತು ಟೈಮಿಂಗ್ ನೋಡದೆ ಮುಂದಿನ ಕೆಲಸಕ್ಕೆ ಕೈ ಹಾಕಬೇಡಿ.

ಬ್ಲಾಕಿನ ಗೋಡೆಗೆ ಮೆತ್ತಿದ ಬೆಳ್ಳಿಯ ಬಣ್ಣದ ಗೆರೆ ನೋಡಿ "ಗೀರು ಬಿದ್ದಿದೆ, ಬೋರ್ ಆಗಲೇಬೇಕು" ಅನ್ನುವವರು ಬಹಳ. ಎಷ್ಟೋ ಸಲ ಅದು ಗೀರಲ್ಲ, ಪಿಸ್ಟನ್ನಿನ ಅಲ್ಯೂಮಿನಿಯಂ ಅಂಟಿರುವುದು. ಕಿವಿ ಶುಚಿ ಮಾಡುವ ಹತ್ತಿ ಕಡ್ಡಿಯನ್ನು ಹೈಡ್ರೋಕ್ಲೋರಿಕ್ ಆಸಿಡ್ಡಿನಲ್ಲಿ ಅದ್ದಿ ಆ ಗೆರೆಯ ಮೇಲಷ್ಟೇ ಸವರಿ. ನೊರೆ ಎದ್ದರೆ ಅಲ್ಯೂಮಿನಿಯಂ ಕರಗುತ್ತಿದೆ ಅಂತ ಅರ್ಥ. ನೊರೆ ನಿಂತ ಕೂಡಲೇ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು ಎಣ್ಣೆ ಹಚ್ಚಿ; ಆಸಿಡ್ ಹೆಚ್ಚು ಹೊತ್ತು ಬಿಟ್ಟರೆ ಕಬ್ಬಿಣವನ್ನೂ ತಿನ್ನುತ್ತದೆ. ಕೈಗವಸು, ಕನ್ನಡಕ, ಬಯಲು ಗಾಳಿ ಮೂರೂ ಬೇಕು. ಆಮೇಲೆ ಉಗುರಿನಿಂದ ಗೋಡೆ ಕೆರೆದು ನೋಡಿ. ಉಗುರು ಎಲ್ಲೂ ಸಿಕ್ಕಿಕೊಳ್ಳದಿದ್ದರೆ ಬೋರ್ ಬದುಕಿದೆ, ಅಳತೆಗೆ ಹೋಗಬಹುದು.

ಅಳತೆ

ಬೋರನ್ನು ಮೂರು ಎತ್ತರದಲ್ಲಿ ಅಳೆಯಿರಿ: ಮೇಲಿನ ಅಂಚಿನಿಂದ 10 ಮಿ.ಮೀ. ಕೆಳಗೆ, ಎಕ್ಸಾಸ್ಟ್ ಪೋರ್ಟಿನ (ಹೊಗೆ ಹೊರಹೋಗುವ ಕಿಂಡಿಯ) ಸ್ವಲ್ಪ ಮೇಲೆ, ಪೋರ್ಟುಗಳೆಲ್ಲ ಮುಗಿದ ಮೇಲೆ ಬುಡದಲ್ಲಿ. ಪ್ರತಿ ಎತ್ತರದಲ್ಲೂ ಎರಡು ದಿಕ್ಕು, ಹಿಂದೆ ಮುಂದೆ ಒಂದು, ಎಡ ಬಲ ಒಂದು. ಒಟ್ಟು ಆರು ಅಂಕಿ. ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ 0.05 ಮಿ.ಮೀ. ಒಳಗೇ ವ್ಯತ್ಯಾಸವಿದ್ದರೆ ಬೋರ್ ಗುಂಡಗಿದೆ, ನೆಟ್ಟಗಿದೆ. 0.10 ದಾಟಿದ್ದರೆ ಬೋರ್ ಮಾಡಿಸಿ, ಅನುಮಾನ ಬೇಡ.

ಪಿಸ್ಟನ್ನನ್ನು ಸ್ಕರ್ಟಿನ ತುದಿಯಿಂದ ಸುಮಾರು 10 ಮಿ.ಮೀ. ಮೇಲೆ, ಪಿನ್ನಿಗೆ ಅಡ್ಡಲಾಗಿ ಅಳೆಯಿರಿ. ಪಿಸ್ಟನ್ ಗುಂಡಗಿರುವುದಿಲ್ಲ, ತಲೆಯ ಕಡೆ ಕಿರಿದು. ಬೇರೆಲ್ಲಿ ಅಳೆದರೂ ಸುಳ್ಳು ಅಂಕಿ ಬರುತ್ತದೆ. ಬೋರಿನ ಅತಿ ದೊಡ್ಡ ಅಂಕಿಯಿಂದ ಇದನ್ನು ಕಳೆದರೆ ಕ್ಲಿಯರೆನ್ಸ್. ಹೊಸದಕ್ಕೆ 0.06ರಿಂದ 0.08 ಮಿ.ಮೀ., ಪಿಸ್ಟನ್ ಡಬ್ಬಿಯ ಮೇಲೆ ಬೇರೆ ಬರೆದಿದ್ದರೆ ಅದೇ ಸರಿ. 0.12 ಒಳಗಿದ್ದು ಬೋರ್ ಗುಂಡಗಿದ್ದರೆ ಹಳೆಯ ಪಿಸ್ಟನ್ನಿಗೇ ಹೊಸ ರಿಂಗ್ ಹಾಕಿ ಕಟ್ಟಬಹುದು. 0.15 ಮೇಲಾದರೆ ಪಿಸ್ಟನ್ ಬ್ಲಾಕಿನೊಳಗೆ ಟಪಟಪ ಬಡಿಯುತ್ತದೆ. ಇವೆರಡರ ನಡುವಿನದ್ದು ನಿಮ್ಮ ಕಿವಿಗೆ, ಗಾಡಿ ಓಡಿಸುವ ರೀತಿಗೆ ಬಿಟ್ಟದ್ದು; ವಾರಕ್ಕೊಮ್ಮೆ ಓಡಿಸುವ ಗಾಡಿಯಾದರೆ ಇನ್ನೊಂದೆರಡು ವರ್ಷ ತಳ್ಳಬಹುದು.

ಬರೀ ರಿಂಗ್ ಹಾಕುವುದಾದರೆ ಗಾಜಿನಂತೆ ಮಿನುಗುವ ಗೋಡೆಗೆ ಹೊಸ ರಿಂಗ್ ಹೊಂದುವುದಿಲ್ಲ. 220 ನಂಬರ್ ಎಮರಿ ಪೇಪರನ್ನು ಎಣ್ಣೆಯಲ್ಲಿ ಅದ್ದಿ, ಕೈ ತಿರುಗಿಸುತ್ತಲೇ ಮೇಲೆ ಕೆಳಗೆ ಆಡಿಸಿ, ಗೆರೆಗಳು ಒಂದನ್ನೊಂದು ಓರೆಯಾಗಿ ಹಾಯುವಂತೆ ಮಾಡಿ. ಐದು ನಿಮಿಷ ಸಾಕು.

ಬೋರ್ ಅಂಗಡಿಯಲ್ಲಿ

ಪಿಸ್ಟನ್ ಮೊದಲು, ಬೋರ್ ಆಮೇಲೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಮೈಸೂರಿನಲ್ಲೋ ಪಿಸ್ಟನ್ ಸೆಟ್ ಕೊಂಡು, ಬ್ಲಾಕಿನ ಜೊತೆಗೇ ಅಂಗಡಿಗೆ ಕೊಡಿ. "ಪಾಯಿಂಟ್ ಫಿಫ್ಟಿಗೆ ಹೊಡೀರಿ" ಅಂತ ಬರೀ ಬ್ಲಾಕ್ ಕೊಟ್ಟು ಬಂದರೆ ಅವರು ನಂಬರಿಗೆ ಹೊಡೆಯುತ್ತಾರೆ, ನಿಮ್ಮ ಪಿಸ್ಟನ್ನಿಗಲ್ಲ. ಒಂದೇ ಸೈಜಿನ ಎರಡು ಪಿಸ್ಟನ್ನುಗಳು ಒಂದೇ ಅಳತೆ ಇರುವುದಿಲ್ಲ. ಚೀಟಿಯಲ್ಲಿ ಬರೆದುಕೊಡಿ: ಈ ಪಿಸ್ಟನ್ನಿಗೆ 0.07 ಬಿಟ್ಟು, ಕೊನೆಯ ನಾಲ್ಕೈದು ನೂರರಷ್ಟನ್ನು ಹೋನಿಂಗಿನಲ್ಲಿ (ಕಲ್ಲಿನಿಂದ ಉಜ್ಜಿ ನಯಮಾಡುವುದು) ತೆಗೆದು, ಪೋರ್ಟಿನ ಅಂಚು ಮುರಿದು ಕೊಡಿ ಅಂತ. ನೂರರಷ್ಟು ಅಂದರೆ 0.01 ಮಿ.ಮೀ.

"ಟೈಟಾಗಿರಲಿ, ಬಹಳ ದಿನ ಬಾಳುತ್ತೆ" ಎಂಬ ಮಾತು ಟೂ ಸ್ಟ್ರೋಕ್ ವಿಷಯದಲ್ಲಿ ತಿರುವುಮುರುವು. ಅಲ್ಯೂಮಿನಿಯಂ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಸಾಲದ್ದಕ್ಕೆ ಪಿಸ್ಟನ್ನಿಗೆ ಬ್ಲಾಕಿಗಿಂತ ಹೆಚ್ಚು ಬಿಸಿ. 0.04ರಲ್ಲಿ ಕಟ್ಟಿದ್ದು ಮೊದಲ ಬಿಸಿಲಿನ ದಿನವೇ ನಾಲ್ಕು ಮೂಲೆ ಹಿಡಿಯುತ್ತದೆ.

ಪೋರ್ಟಿನ ಅಂಚು ಮುರಿಯುವುದನ್ನು ಅಂಗಡಿಯವರು ಮರೆಯುವುದೇ ಹೆಚ್ಚು. ಬೋರ್ ಮಾಡಿದ ಮೇಲೆ ಪೋರ್ಟಿನ ಬಾಯಿ ಬ್ಲೇಡಿನಂತೆ ಇರುತ್ತದೆ. ರಿಂಗ್ ಅಲ್ಲಿ ಹಾಯುವಾಗ ಹೊರಕ್ಕೆ ಉಬ್ಬಿ ಆ ಅಂಚಿಗೆ ಸಿಕ್ಕಿಕೊಂಡು ಮುರಿಯುತ್ತದೆ. ಸಣ್ಣ ಸಾಣೆಕಲ್ಲಿನ ಕಡ್ಡಿಯಿಂದ ಪ್ರತಿ ಪೋರ್ಟಿನ ಮೇಲಂಚು, ಕೆಳಂಚನ್ನು ಅರ್ಧ ಮಿ.ಮೀ.ನಷ್ಟು ಓರೆಯಾಗಿ ಉಜ್ಜಿ. ಬೆರಳು ಒಳಗಿಟ್ಟು ಮೇಲಿಂದ ಕೆಳಕ್ಕೆ ಎಳೆದರೆ ಎಲ್ಲೂ ಚುರ್ ಅನ್ನಬಾರದು.

ಬೋರ್ 1 ಮಿ.ಮೀ. ದಾಟಿ ಪಿಸ್ಟನ್ ಸಿಗದಿದ್ದರೆ ಲೈನರ್ (ಬೋರಿನೊಳಗೆ ಕೂರಿಸುವ ಹೊಸ ಕೊಳವೆ) ಹಾಕಿಸಿ ಮತ್ತೆ ಸ್ಟ್ಯಾಂಡರ್ಡಿಗೆ ತರಬಹುದು. ಆದರೆ ಲೈನರಿನ ಪೋರ್ಟ್ ಕಿಂಡಿಗಳು ಬ್ಲಾಕಿನ ಕಿಂಡಿಗಳಿಗೆ ಎತ್ತರದಲ್ಲೂ ಅಗಲದಲ್ಲೂ ಸರಿಯಾಗಿ ಕೂತಿರಬೇಕು. ಒಂದೆರಡು ಮಿ.ಮೀ. ತಪ್ಪಿದರೂ ಗಾಡಿ ಏರಿನಲ್ಲಿ ಸುಸ್ತಾಗುತ್ತದೆ, ಕಾರ್ಬ್ಯುರೇಟರ್ ತಿರುಗಿಸಿ ಅದನ್ನು ಸರಿಮಾಡಲು ಆಗದು.

ತೊಳೆಯುವುದು

ಅಂಗಡಿಯಿಂದ ಬಂದ ಬ್ಲಾಕ್ ಕಣ್ಣಿಗೆ ಶುಭ್ರವಾಗಿಯೇ ಕಾಣುತ್ತದೆ. ಹೋನಿಂಗ್ ಕಲ್ಲಿನ ಪುಡಿ ಆ ಓರೆ ಗೆರೆಗಳೊಳಗೆ ಕೂತಿರುತ್ತದೆ. ಪೆಟ್ರೋಲಿನಲ್ಲಿ ತೊಳೆದರೆ ಅದು ಬರುವುದಿಲ್ಲ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಗಟ್ಟಿ ಬ್ರಷ್ ಹಿಡಿದು ಉಜ್ಜಿ, ಟ್ರಾನ್ಸ್‌ಫರ್ ದಾರಿಗಳೊಳಗೂ (ಮಿಶ್ರಣ ಕೆಳಗಿನಿಂದ ಸಿಲಿಂಡರಿಗೆ ಏರುವ ದಾರಿಗಳು) ಬ್ರಷ್ ಆಡಿಸಿ. ಒರೆಸಿದ ಕೂಡಲೇ ಟೂಟಿ ಆಯಿಲ್ ಸವರಿ, ತಡಮಾಡಿದರೆ ಕಣ್ಣೆದುರೇ ಕೆಂಪು ತುಕ್ಕು ಹತ್ತುತ್ತದೆ. ಈಗ ಹಳೆಯ ಬಿಳಿ ಪಂಚೆಯ ತುಂಡೊಂದರಿಂದ ಎಣ್ಣೆ ಒರೆಸಿ ನೋಡಿ. ಬಟ್ಟೆ ಬೂದಿಬಣ್ಣಕ್ಕೆ ತಿರುಗಿದರೆ ಮತ್ತೆ ಸೋಪು, ಮತ್ತೆ ಎಣ್ಣೆ. ಬಟ್ಟೆಗೆ ಎಣ್ಣೆಯ ಬಣ್ಣ ಬಿಟ್ಟು ಬೇರೇನೂ ಹತ್ತದವರೆಗೆ, ಮೂರು ಸಲವೋ ನಾಲ್ಕು ಸಲವೋ.

ಹೆಡ್ಡಿನ ಮಸಿಯನ್ನು ಬಿದಿರಿನ ಪಟ್ಟಿಯಿಂದ ಕೆರೆಯಿರಿ. ಸೈಲೆನ್ಸರಿನೊಳಗಿನ ಬ್ಯಾಫಲ್ ಹೊರಗೆಳೆದು ಅದರ ಮಸಿಯನ್ನೂ ತೆಗೆಯಲೇಬೇಕು. ಕಟ್ಟಿಕೊಂಡ ಸೈಲೆನ್ಸರ್ ಹೊಸ ಬೋರನ್ನು ಉಸಿರುಗಟ್ಟಿಸಿ ಕಾಯಿಸುತ್ತದೆ. ಉಕ್ಕಿನ ಬ್ಯಾಫಲಿಗೆ ಕಾಸ್ಟಿಕ್ ಸೋಡಾ ನೀರು ಆದೀತು. ಹೆಡ್, ಪಿಸ್ಟನ್, ಕಾರ್ಬ್ಯುರೇಟರಿಗೆ ಅದನ್ನು ಸೋಕಿಸಲೂಬೇಡಿ, ಅಲ್ಯೂಮಿನಿಯಂ ಕರಗಿಹೋಗುತ್ತದೆ.

ದಪ್ಪ ಗಾಜಿನ ಮೇಲೆ 400 ನಂಬರ್ ಪೇಪರ್ ಹರಡಿ ಹೆಡ್ಡನ್ನು ಕವುಚಿ ಎಂಟರ ಆಕಾರದಲ್ಲಿ ನಾಲ್ಕಾರು ಸುತ್ತು ಆಡಿಸಿದರೆ ಎಲ್ಲಿ ತಗ್ಗಿದೆ ಅಂತ ತಿಳಿಯುತ್ತದೆ. ಸುತ್ತಲೂ ಒಂದೇ ಬಣ್ಣ ಬರುವವರೆಗೆ ಮುಂದುವರಿಸಿ.

ಕಟ್ಟುವುದು

ಮೊದಲು ರಿಂಗಿನ ಗ್ಯಾಪ್. ರಿಂಗನ್ನು ಬರಿಯ ಬೋರಿನೊಳಗಿಟ್ಟು ಪಿಸ್ಟನ್ ತಲೆಯಿಂದ 15 ಮಿ.ಮೀ. ಒಳಕ್ಕೆ ನೂಕಿ, ಫೀಲರ್ ಹಾಕಿ. 0.20ರಿಂದ 0.30 ಮಿ.ಮೀ. ಇರಲಿ. ಕಡಿಮೆಯಿದ್ದರೆ ಒಂದೇ ತುದಿಯನ್ನು ನುಣುಪು ಅರದಿಂದ ಹೊರಗಿನಿಂದ ಒಳಕ್ಕೆ ಮಾತ್ರ ಉಜ್ಜಿ. ಗ್ಯಾಪ್ ಇಲ್ಲದ ರಿಂಗ್ ಬಿಸಿಗೆ ತುದಿ ತುದಿ ಮುಟ್ಟಿ, ಹೋಗಲು ಜಾಗವಿಲ್ಲದೆ ಗೋಡೆಯನ್ನು ಹೆರೆಯುತ್ತದೆ. ಹಳೆಯ ರಿಂಗಿನಲ್ಲಿ 0.8 ದಾಟಿದ್ದರೆ ಎಸೆಯಿರಿ.

ಪಿಸ್ಟನ್ ಗಾಡಿಯಲ್ಲಿ ನೀವು ಗೀರಿಟ್ಟ ದಿಕ್ಕಿಗೇ ಕೂರಬೇಕು. ಹೊಸದಕ್ಕೆ ಬಾಣದ ಗುರುತಿದ್ದರೆ ಅದು ಸೈಲೆನ್ಸರ್ ಕಡೆಗೆ. ಹಿಂದು ಮುಂದಾದರೆ ರಿಂಗಿನ ಬಾಯಿ ಪೋರ್ಟಿನ ಮೇಲೆ ಹಾಯ್ದು ಮುರಿಯುತ್ತದೆ. ಪಿಸ್ಟನ್ನನ್ನು ಬಿಸಿನೀರಿನಲ್ಲಿ ಕಾಯಿಸಿ ಒರೆಸಿ, ಪಿನ್ನಿಗೂ ಬುಶ್ಶಿಗೂ ಆಯಿಲ್ ಹಚ್ಚಿ ಕೈಯಲ್ಲೇ ತೂರಿಸಿ. ಲಾಕ್ ಎರಡೂ ಹೊಸದು; ಬಾಯಿ ನೇರ ಮೇಲಕ್ಕೋ ಕೆಳಕ್ಕೋ ಇರಲಿ, ಪಕ್ಕಕ್ಕೆ ಬೇಡ. ಸ್ಕ್ರೂಡ್ರೈವರಿನಿಂದ ತಿರುಗಿಸಿ ನೋಡಿ, ಪಿಸ್ಟನ್ನಿನ ಕಚ್ಚಿನೊಳಗೆ ಕೂತ ಲಾಕ್ ಸುಲಭಕ್ಕೆ ತಿರುಗಬಾರದು. ಎರಡು ರೂಪಾಯಿ ಉಳಿಸಲು ಹಳೆಯ ಲಾಕ್ ಹಾಕಿದ ಬ್ಲಾಕಿನಲ್ಲಿ ಉದ್ದಕ್ಕೂ ಉಳುಮೆಯ ಸಾಲಿನಂತೆ ಗೀರು ಬಿದ್ದಿರುತ್ತದೆ.

ಬುಡದ ಪ್ಯಾಕಿಂಗ್ ಹಳೆಯದರಷ್ಟೇ ದಪ್ಪ ಇರಲಿ. ದಪ್ಪ ಹೆಚ್ಚಾದರೆ ಬ್ಲಾಕ್ ಮೇಲೇರಿ ಪೋರ್ಟ್ ತೆರೆಯುವ ಹೊತ್ತೇ ಬದಲಾಗುತ್ತದೆ, ಕಂಪ್ರೆಶನ್ನೂ ಇಳಿಯುತ್ತದೆ. ಬ್ಲಾಕಿನ ಕೆಳಗೆ ಹಿಡಿದು ನೋಡಿ, ಪ್ಯಾಕಿಂಗ್ ಟ್ರಾನ್ಸ್‌ಫರ್ ದಾರಿಗೆ ಅಡ್ಡ ಬಂದಿದ್ದರೆ ಕತ್ತರಿಸಿ. ತೆಳ್ಳಗೆ ಗ್ರೀಸ್ ಸವರಿದರೆ ಸಾಕು, ಗೋಂದಿನಂಥ ಕಾಂಪೌಂಡ್ ಬಳಿಯಬೇಡಿ.

ಪಿಸ್ಟನ್ ಕೆಳಗೆ ಮರದ ಕವೆಯೊಂದನ್ನು ರಾಡಿನ ಎರಡೂ ಬದಿಗೆ ಬರುವಂತೆ ಕ್ರ್ಯಾಂಕ್‌ಕೇಸಿನ ಮೇಲಿಡಿ, ಪಿಸ್ಟನ್ ಅದರ ಮೇಲೆ ಅಲ್ಲಾಡದೆ ಕೂರುತ್ತದೆ. ರಿಂಗಿನ ಬಾಯಿ ಪಿಸ್ಟನ್ನಿನ ರಿಂಗ್ ಕಚ್ಚಿನಲ್ಲಿರುವ ಪುಟ್ಟ ಗೂಟಕ್ಕೆ ಸರಿಯಾಗಿ ಬಂದಿದೆಯೇ ಅಂತ ಒಂದೊಂದನ್ನೇ ನೋಡಿ, ಬೆರಳಲ್ಲಿ ಅದುಮಿ, ಬ್ಲಾಕನ್ನು ನೆಟ್ಟಗೆ ಇಳಿಸಿ. ಅಡ್ಡ ತಿರುಗಿಸಬೇಡಿ. ಸಿಕ್ಕಿಕೊಂಡರೆ ಒತ್ತುವುದಲ್ಲ, ಎತ್ತಿ ಮತ್ತೆ ಶುರುಮಾಡುವುದು.

ತಾಮ್ರದ ಹೆಡ್ ಪ್ಯಾಕಿಂಗ್ ಇದ್ದರೆ ಮಸುಕು ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿ. ಮೆತ್ತಗಾಗಿ ಹೊಸದರಂತೆ ಕೂರುತ್ತದೆ. ಹೆಡ್ ನಟ್‌ಗಳನ್ನು ಅಡ್ಡಡ್ಡವಾಗಿ ಮೂರು ಸುತ್ತಿನಲ್ಲಿ ಬಿಗಿಯಿರಿ. 8 ಮಿ.ಮೀ. ಸ್ಟಡ್ಡಿಗೆ ಕೊನೆಯಲ್ಲಿ 20 ನ್ಯೂಟನ್ ಮೀಟರ್ ಸಾಕು. ಸ್ಪ್ಯಾನರಿಗೆ ಪೈಪ್ ಹಾಕಿ ಎಳೆಯುವ ಅಭ್ಯಾಸದಿಂದಲೇ ಸ್ಟಡ್ ಕಿತ್ತು ಬರುವುದು.

ಗಾಳಿ ಸೋರುವುದೇ ಎಂದು ಸ್ಟಾರ್ಟ್ ಮಾಡುವ ಮೊದಲೇ ನೋಡಲು ಬಿ.ಪಿ. ನೋಡುವ ಯಂತ್ರ ಸಾಕು. ಎಕ್ಸಾಸ್ಟ್ ಬಾಯಿ ಎರಡನ್ನೂ ರಬ್ಬರ್ ಬಿರಡೆಯಿಂದ ಮುಚ್ಚಿ, ಕಾರ್ಬ್ಯುರೇಟರ್ ಬಾಯಿಗೆ ಟ್ಯೂಬಿನ ರಬ್ಬರ್ ಇಟ್ಟು ತಗಡು ಬಿಗಿದು, ಪ್ಲಗ್ ತೂತಿನಿಂದ ನಳಿಗೆ ಕೊಟ್ಟು, ಪಿಸ್ಟನ್ ತಳದಲ್ಲಿರುವಾಗ ಬಲ್ಬ್ ಒತ್ತಿ. 300ಕ್ಕೆ ಏರಿಸಿ ಬಿಟ್ಟರೆ ನಿಮಿಷಕ್ಕೆ 50ಕ್ಕಿಂತ ಹೆಚ್ಚು ಇಳಿಯಬಾರದು. ಇಳಿದರೆ ಬುಡದ ಪ್ಯಾಕಿಂಗ್, ಕಾರ್ಬ್ಯುರೇಟರ್ ಬಾಯಿ, ಹೆಡ್ ಸುತ್ತ ಸೋಪು ನೀರು ಹಚ್ಚಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಹೊರಗೆಲ್ಲೂ ಗುಳ್ಳೆ ಇಲ್ಲದೆ ಇಳಿಯುತ್ತಿದ್ದರೆ ಕ್ರ್ಯಾಂಕ್ ಸೀಲ್.

ಕಿಡಿಗೆ ಕರೆಂಟ್ ಕಡಿಯುವ ಕಾಂಟ್ಯಾಕ್ಟ್ ಪಾಯಿಂಟಿನ ಗ್ಯಾಪ್ 0.4 ಮಿ.ಮೀ. ಇಟ್ಟು, ಟೈಮಿಂಗನ್ನು ನಿಮ್ಮ ಮಾದರಿಯ ಪುಸ್ತಕದಂತೆ ಪ್ಲಗ್ ತೂತಿನಿಂದ ಅಳೆದು ಕೂರಿಸಿ.

ಮೊದಲ ಸಾವಿರ ಕಿಲೋಮೀಟರ್

ಮೊದಲ 500 ಕಿ.ಮೀ.ಗೆ ಲೀಟರಿಗೆ 40 ಎಂ.ಎಲ್. ಟೂಟಿ, ಅಂದರೆ 5 ಲೀಟರಿಗೆ 200. ಆಮೇಲೆ ಲೀಟರಿಗೆ 30. ಡಬ್ಬದಲ್ಲಿ ಕಲಸಿ ಕುಲುಕಿಯೇ ಟ್ಯಾಂಕಿಗೆ ಹಾಕಿ. ಇನ್ನೂ ಹೆಚ್ಚು ಆಯಿಲ್ ಹಾಕಿದರೆ ಇನ್ನೂ ಒಳ್ಳೆಯದು ಅಂತ ತಿಳಿಯಬೇಡಿ: ಅದೇ ಜೆಟ್ಟಿನಲ್ಲಿ ಆಯಿಲ್ ಹೆಚ್ಚು ಹೋದಷ್ಟು ಪೆಟ್ರೋಲ್ ಕಡಿಮೆ ಹೋಗುತ್ತದೆ, ಮಿಶ್ರಣ ತೆಳುವಾಗುತ್ತದೆ.

ಮೊದಲು ಸ್ಟಾರ್ಟ್ ಮಾಡಿ ಮೂರು ನಿಮಿಷ ಓಡಿಸಿ ನಿಲ್ಲಿಸಿ, ಕೈ ಇಡುವಷ್ಟು ಅಲ್ಲ, ಪೂರ್ತಿ ತಣ್ಣಗಾಗಲಿ. ಹೀಗೆ ಮೂರು ಸಲ. ಆಮೇಲೆ ತಣ್ಣನೆಯ ಎಂಜಿನ್ನಿನಲ್ಲೇ ಹೆಡ್ ನಟ್ ಮತ್ತೊಮ್ಮೆ ನೋಡಿ, ಬೆಂಡ್ ಪೈಪಿನ ರಿಂಗ್ ನಟ್ಟನ್ನೂ ಬಿಗಿಯಿರಿ. ಸಡಿಲವಾಗಿ ಕುಲುಕುವ ಪೈಪೇ ಬ್ಲಾಕಿನ ಥ್ರೆಡ್ ತಿನ್ನುವುದು. 500 ಕಿ.ಮೀ.ವರೆಗೆ 45ರ ಒಳಗಿರಿ, ಒಂದೇ ವೇಗದಲ್ಲಿ ಹಿಡಿದಿಡಬೇಡಿ, ಟಾಪ್ ಗೇರಿನಲ್ಲಿ ಏರು ಹತ್ತಿಸಿ ಎಂಜಿನ್ನನ್ನು ಗುದ್ದಾಡಿಸಬೇಡಿ.

ಇಳಿಜಾರಿನಲ್ಲಿ ಇನ್ನೂ ಎಚ್ಚರ. ಚಾಮುಂಡಿ ಬೆಟ್ಟವೋ ಚಾರ್ಮಾಡಿ ಘಾಟಿಯೋ ಇಳಿಯುವಾಗ ಆಕ್ಸಿಲರೇಟರ್ ಮುಚ್ಚಿ ಗೇರಿನಲ್ಲೇ ಬಿಟ್ಟರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಹೋಗುತ್ತಿರುವುದಿಲ್ಲ. ಈ ಎಂಜಿನ್ನಿಗೆ ಆಯಿಲ್ ಬರುವುದೇ ಪೆಟ್ರೋಲಿನ ಜೊತೆ. ಪ್ರತಿ ತಿರುವಿಗೊಮ್ಮೆ ಕ್ಲಚ್ ಹಿಡಿದು ಒಂದು ಸಲ ರೇಸ್ ಕೊಡಿ. ಓಡುತ್ತಿರುವಾಗ ಗಾಡಿ ಒಮ್ಮೆಲೇ ಬಿಗಿದಂತೆ ಅನ್ನಿಸಿದರೆ ಅದೇ ಕ್ಷಣ ಕ್ಲಚ್ ಒತ್ತಿ ಬದಿಗೆ ತಂದು ನಿಲ್ಲಿಸಿ, ಅರ್ಧ ಗಂಟೆ ಕಿಕ್ ಮುಟ್ಟಬೇಡಿ.